ಕೆಲಸ ಕೊಡದೆ ಅನುಭವ ಎಲ್ಲಿಂದ ತರೋದು?



ನಮ್ಮ ಅಕ್ಕ ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದಾಳೆ. ಅಂಗಡಿಗೆ ಹೋದ್ರೂ, ಮದುವೆ ಮನೆಗೆ ಹೋದ್ರೂ ಒಂದೇ ಪ್ರಶ್ನೆ: "ಎಂತ ಆತು ಕೂಸೆ, ಕೆಲ್ಸ ಸಿಕ್ತಾ?" ಈಗ ಅವಳು ಹೊರಗೆ ಹೋಗೋದನ್ನೇ ಕಡಿಮೆ ಮಾಡಿದ್ದಾಳೆ.

ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋದಲ್ಲೆಲ್ಲ "ಎಷ್ಟು ವರ್ಷ ಅನುಭವ?" ಅಂತ ಕೇಳ್ತಾರಂತೆ. ಈಜು ಕಲಿತ ಮೇಲೆ ನೀರಿಗಿಳಿ ಅಂದ ಹಾಗಾಯ್ತು! ಅವಳ ಕಾಲೇಜಿನಲ್ಲಿ ಒಂದು ಪಿ.ಸಿ.ಆರ್. ಯಂತ್ರದ ಸುತ್ತ ಇಪ್ಪತ್ತು ಜನ ನಿಂತು ನೋಡಿದ್ದೇ ಹೆಚ್ಚು, ಕೈಯಾರೆ ಮಾಡಿದ್ದು ಕಡಿಮೆ. ಅಪ್ಪ ಈಗ ನನಗೂ "ಸೈನ್ಸ್ ಬೇಡ" ಅಂತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲವರು ಕಿರಣ್ ಮಜುಂದಾರ್ ಶಾ ಅವರ ಉದಾಹರಣೆ ಕೊಡುತ್ತಾರೆ. ಅವರು ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಸುವ ವಿದ್ಯೆ ಕಲಿತು ಬಂದರು. ಅದೂ ಯೀಸ್ಟಿನ ವಿಜ್ಞಾನವೇ. ಹೆಂಗಸು ಅನ್ನೋ ಕಾರಣಕ್ಕೆ ಇಲ್ಲಿ ಕೆಲಸ ಸಿಗಲಿಲ್ಲ. 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಶುರು ಮಾಡಿದರು. ಮೊದಲು ತಯಾರಿಸಿದ್ದರಲ್ಲಿ ಒಂದು ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ. ಅವರ ಛಲ ದೊಡ್ಡದು, ಒಪ್ಪುತ್ತೇನೆ. ಆದರೆ ಓದಿದವರೆಲ್ಲ ಕಂಪನಿ ಕಟ್ಟಲು ಆಗುತ್ತದೆಯೇ? ಹೆಚ್ಚಿನವರಿಗೆ ಬೇಕಾದದ್ದು ಮೊದಲನೇ ಕೆಲಸ, ಅಷ್ಟೆ.

ನನ್ನ ಅಭಿಪ್ರಾಯದಲ್ಲಿ ಆ ಕೆಲಸ ನಮ್ಮ ಸುತ್ತಲೇ ಬಿದ್ದಿದೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಆ ವೈರಸ್ಸನ್ನು ರಕ್ತದಲ್ಲಿ ಗುರುತಿಸುವುದು ಕೂಡ ಪಿ.ಸಿ.ಆರ್. ವಿಧಾನದಿಂದಲೇ. ಅಡಿಕೆಗೆ ಕೊಳೆ, ಎಲೆಚುಕ್ಕೆ ಬಂದು ತೋಟ ಹಾಳಾಗ್ತಿದೆ. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಇಂಥ ಪ್ರಯೋಗಾಲಯಗಳಲ್ಲಿ ಹೊಸ ಪದವೀಧರರನ್ನು ಸಂಬಳ ಕೊಟ್ಟು ಆರು ತಿಂಗಳಾದರೂ ಇಟ್ಟುಕೊಂಡು ಕೆಲಸ ಕಲಿಸಬೇಕು. ಅದನ್ನು ಕಂಪನಿಯವರು ಅನುಭವ ಎಂದು ಒಪ್ಪಬೇಕು. ಆಗ ಅವರಿಗೂ ಲಾಭ, ನಮಗೂ ಲಾಭ.

ನಾವೂ ಒಂದು ಕೆಲಸ ಮಾಡಬಹುದು. "ಕೆಲ್ಸ ಸಿಕ್ತಾ?" ಅನ್ನೋದು ಬಿಟ್ಟು "ಎಂತ ಕಲಿತೆ, ನಮಗೂ ಹೇಳು" ಅಂತ ಕೇಳಬಹುದು. ಮೊನ್ನೆ ಹಾಗೆ ಕೇಳಿದ್ದಕ್ಕೆ ಅಕ್ಕ ಕೊಳೆ ಬಂದ ಅಡಿಕೆ ಕಾಯಿ ತಂದು ಒಂದು ತಾಸು ಪಾಠ ಮಾಡಿದಳು. ಅಪ್ಪನೂ ಎದ್ದು ಹೋಗದೆ ಕೇಳಿದರು.

2025ರ ಜುಲೈನಲ್ಲಿ ಸೇತುವೆ ಆಗುವವರೆಗೂ ನಮ್ಮದು ಲಾಂಚಿಗೆ ಕಾಯೋ ಊರಾಗಿತ್ತು. ಒಂದು ಲಾಂಚ್ ತಪ್ಪಿತು ಅಂತ ಯಾರೂ ಪ್ರಯಾಣವನ್ನೇ ಬಿಡುತ್ತಿರಲಿಲ್ಲ, ಮುಂದಿನದಕ್ಕೆ ಕಾಯುತ್ತಿದ್ದರು. ಅಕ್ಕನಿಗೂ ಅಷ್ಟು ಸಮಯ ಕೊಡೋಣ. ನಾನಂತೂ ಸೈನ್ಸೇ ತಗೊಳ್ಳೋದು.

ತಪ್ಪಿದ್ದರೆ ಗುರುಗಳು ತಿದ್ದಬೇಕು.

– ಹತ್ತನೇ ತರಗತಿಯ ವಿದ್ಯಾರ್ಥಿನಿ