‘ಉತ್ಪನ್ನ’ ಎಂದರೆ ಆದಾಯ

ಶಿಷ್ಯವೇತನಕ್ಕೆ ಅರ್ಜಿ ಹಾಕದ ವಿದ್ಯಾರ್ಥಿಗೆ ಅದರ ಅಗತ್ಯವೇ ಇಲ್ಲವೆಂದು ತಿಳಿಯುವುದು ಸುಲಭ. ಆದರೆ ಅರ್ಜಿಗಳನ್ನು ಎಣಿಸಿ ಬಡತನವನ್ನು ಅಳೆಯುವ ಈ ಕ್ರಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಟ್ಟಿಗೆ ಸಲ್ಲುವಂಥದಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿ ಕಾಲೇಜಿಗೆ ಬಂದವರಲ್ಲಿ ಅನೇಕರಿಗೆ ಎದುರಾಗುವ ಮೊದಲ ತಡೆ ಅರ್ಹತೆಯದಲ್ಲ, ಅರ್ಜಿಯ ಭಾಷೆಯದು.

ಮಹಾರಾಷ್ಟ್ರದಲ್ಲಿ ಯೋಜನೆಗಳಿಗೆ ಕೊರತೆಯಿಲ್ಲ. ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಜಾತಿಯ ಕುಟುಂಬಗಳ ಮಕ್ಕಳಿಗೆ ಮೆಟ್ರಿಕ್ ನಂತರದ ಶಿಷ್ಯವೇತನವಿದೆ. ಆರ್ಥಿಕವಾಗಿ ಹಿಂದುಳಿದವರಿಗಾಗಿ ರಾಜರ್ಷಿ ಶಾಹು ಮಹಾರಾಜರ ಹೆಸರಿನಲ್ಲಿರುವ ಶುಲ್ಕ ಯೋಜನೆಯ ಆದಾಯ ಮಿತಿ 8 ಲಕ್ಷ. ಇತರ ಹಿಂದುಳಿದ ವರ್ಗ, ವಿಮುಕ್ತ ಜಾತಿ ಮತ್ತು ಅಲೆಮಾರಿ ಪಂಗಡಗಳಿಗೆ ಬೇರೆ ಯೋಜನೆಗಳುಂಟು. ಇವೆಲ್ಲಕ್ಕೂ ಇರುವ ಬಾಗಿಲು ‘ಮಹಾಡಿಬಿಟಿ’ ಜಾಲತಾಣ. ಆ ಬಾಗಿಲು ಮಾತನಾಡುವುದು ಮರಾಠಿ ಮತ್ತು ಇಂಗ್ಲಿಷಿನಲ್ಲಿ.

ಗಡಿಭಾಗದ ಕನ್ನಡಿಗರಿಗೆ ಮರಾಠಿ ಹೊಸದಲ್ಲ; ಸಂತೆಯಲ್ಲಿ, ಬಸ್ಸಿನಲ್ಲಿ, ನೆಂಟಸ್ತಿಕೆಯಲ್ಲಿ ಅದು ಸಲೀಸಾಗಿ ಬರುತ್ತದೆ. ಕಚೇರಿಯ ಮರಾಠಿ ಬೇರೆ. ಅರ್ಜಿಯೊಡನೆ ‘ಉತ್ಪನ್ನಾಚಾ ದಾಖಲಾ’ ಬೇಕೆನ್ನುತ್ತಾರೆ. ಮರಾಠಿಯಲ್ಲಿ ‘ಉತ್ಪನ್ನ’ವೆಂದರೆ ಆದಾಯ. ಕನ್ನಡ ರೈತನ ಮನಸ್ಸಿಗೆ ಮೊದಲು ಬರುವುದು ಹೊಲದ ಜೋಳ, ತೊಗರಿ. ತಹಸೀಲ್ದಾರರ ಆದಾಯ ಪ್ರಮಾಣಪತ್ರ ತರಬೇಕಾದಲ್ಲಿ ಆತ ತಲಾಠಿಯಿಂದ ಹೊಲದ ಉತಾರ ತಂದರೆ ಅದು ಅಜ್ಞಾನವಲ್ಲ, ಎರಡು ಭಾಷೆಗಳ ನಡುವೆ ನಡೆದ ಮೋಸ. ‘ಶಿಷ್ಯವೃತ್ತಿ’ ಎಂಬುದನ್ನು ಕನ್ನಡದ ಕಣ್ಣಿನಿಂದ ಓದಿದರೆ ‘ವೃತ್ತಿ’ ಉದ್ಯೋಗವಾಗಿಬಿಡುತ್ತದೆ. ಅಪರಿಚಿತ ಪದ ಕಂಡವನು ನಿಂತು ಕೇಳುತ್ತಾನೆ. ಪರಿಚಿತವೆನಿಸಿದ ಪದ ಕೇಳಗೊಡದೆ ದಾರಿ ತಪ್ಪಿಸುತ್ತದೆ.

ಎರಡನೆಯ ತಡೆ ಹೆಸರಿನದು. ಮರಾಠಿ ಉಚ್ಚಾರಣೆ ಪದದ ನಡುವಿನ ಹಾಗೂ ಕೊನೆಯ ಅಕಾರವನ್ನು ಅನೇಕ ಕಡೆ ನುಂಗುತ್ತದೆ. ಶಾಲೆಯ ದಾಖಲೆಯ ಶಿವಲಿಂಗಪ್ಪ ಆಧಾರಿನಲ್ಲಿ ಶಿವ್‌ಲಿಂಗ್ ಆಗುತ್ತಾನೆ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಇಂಗ್ಲಿಷ್ ಕಾಗುಣಿತ ಪಡೆಯುತ್ತಾನೆ. ಊರಿಗೆ ಒಬ್ಬನೇ ಆದವನು ಗಣಕಯಂತ್ರಕ್ಕೆ ಮೂವರು. ಶಿಷ್ಯವೇತನ ಜಮೆಯಾಗುವುದು ಆಧಾರ್ ಜೋಡಿಸಿದ ಖಾತೆಗೆ. ಹೆಸರು ಹೊಂದದಿದ್ದರೆ ಆ ಜೋಡಣೆಯೇ ತೊಡಕಿಗೆ ಸಿಲುಕುತ್ತದೆ. ತಿದ್ದಿಸಲು ತಂದೆಯೋ ತಾಯಿಯೋ ಕೂಲಿ ಬಿಟ್ಟು ತಾಲೂಕಿನ ಊರಿಗೆ ಅಲೆಯಬೇಕು. ಎರಡು ಮೂರು ಸಲ ಅಲೆದ ಮೇಲೆ ‘ಬೇಡ ಬಿಡು’ ಎಂದರೆ ಅದನ್ನು ನಿರಾಸಕ್ತಿಯೆಂದು ಕರೆಯುವುದು ನ್ಯಾಯವಲ್ಲ.

ಮೂರನೆಯ ತಡೆ ಹಳೆಯ ಕಾಗದದ್ದು. ಜಾತಿ ಪ್ರಮಾಣಪತ್ರಕ್ಕಾಗಿ ಇತರ ಹಿಂದುಳಿದ ವರ್ಗದವರು 13 ಅಕ್ಟೋಬರ್ 1967ಕ್ಕೂ, ವಿಮುಕ್ತ ಜಾತಿ ಮತ್ತು ಅಲೆಮಾರಿ ಪಂಗಡದವರು 21 ನವೆಂಬರ್ 1961ಕ್ಕೂ ಹಿಂದಿನ ಪುರಾವೆ ಒದಗಿಸಬೇಕಾಗುತ್ತದೆ. ಬಡವರ ಮನೆಯಲ್ಲಿ ಅಷ್ಟು ಹಳೆಯ ಕಾಗದವೆಲ್ಲಿ? ಅಜ್ಜ ಕಲಿತ ಶಾಲೆಯ ದಾಖಲಾತಿ ಪುಸ್ತಕವೊಂದೇ ಆಸರೆ. ಆ ಶಾಲೆ ಕನ್ನಡದ್ದಾಗಿದ್ದರೆ ಪುಸ್ತಕವೂ ಕನ್ನಡದ್ದು. ಮೊಮ್ಮಗಳ ಹಕ್ಕಿನ ಸಾಕ್ಷ್ಯ ಕನ್ನಡದಲ್ಲಿದೆ, ಅದನ್ನು ಒಪ್ಪಬೇಕಾದ ಮೇಜಿನ ಭಾಷೆ ಮರಾಠಿ.

‘ಮಹಾರಾಷ್ಟ್ರದಲ್ಲಿರುವವರು ಮರಾಠಿ ಕಲಿಯಲಿ’ ಎಂಬ ಮಾತು ಬರುತ್ತದೆ. ಕಲಿಯಲೇಬೇಕು, ಎರಡು ಭಾಷೆಯಲ್ಲಿ ಬೆಳೆದವರಿಗೆ ಅದರ ಲಾಭ ಗೊತ್ತು. ಆದರೆ ಅರ್ಜಿಯ ಕೊನೆಯ ದಿನಾಂಕ ಕಲಿಕೆ ಮುಗಿಯುವವರೆಗೆ ಕಾಯುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಪ್ಪಿಕೊಂಡ ಕ್ರಮಗಳಲ್ಲಿ, ಅವರು ಶೇ. 15 ಅಥವಾ ಅದಕ್ಕಿಂತ ಹೆಚ್ಚಿರುವ ಕಡೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಅವರ ಭಾಷೆಯಲ್ಲಿ ಕೊಡಬೇಕೆಂಬುದು ಸೇರಿದೆ. ಸಂವಿಧಾನದ 350ನೆಯ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ನೀಡಿದೆ. ಅರ್ಜಿ ತಿರಸ್ಕೃತವಾದಾಗ ಕನ್ನಡದಲ್ಲಿ ದೂರು ಬರೆಯುವುದು ಉದ್ಧಟತನವಲ್ಲ, ಸಂವಿಧಾನ ಕೊಟ್ಟ ಹಕ್ಕು.

ಸರಕಾರ ಮಾಡಬೇಕಾದುದು ಹೀಗೆ ಸ್ಪಷ್ಟವಿದೆ. ಅದು ಆಗುವವರೆಗೆ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಕೈಕಟ್ಟಿ ಕೂಡಬೇಕಾಗಿಲ್ಲ. ಅನುವಾದ ಅವರು ಕಲಿಯುವ ವಿದ್ಯೆ. ಅದನ್ನು ಪರೀಕ್ಷೆಯ ಹಾಳೆಗಷ್ಟೇ ಮೀಸಲಿಡಬಾರದು. ‘ಅಧಿವಾಸ’ವೆಂದರೆ ಕಾಯಂ ವಾಸ, ‘ಪಡತಾಳಣಿ’ಯೆಂದರೆ ಪರಿಶೀಲನೆ, ‘ಹಮೀಪತ್ರ’ವೆಂದರೆ ಮುಚ್ಚಳಿಕೆ, ‘ನೂತನೀಕರಣ’ವೆಂದರೆ ಪ್ರತಿವರ್ಷದ ನವೀಕರಣ: ಇಂಥ ಮೂವತ್ತು ನಲವತ್ತು ಪದಗಳ ಒಂದು ಹಾಳೆ ಸಿದ್ಧಪಡಿಸಿ ಪ್ರವೇಶದ ದಿನವೇ ಹೊಸಬರ ಕೈಗೆ ಕೊಡಬಹುದು. ಮೊದಲ ವಾರದಲ್ಲೇ ಶಾಲೆ, ಆಧಾರ್, ಬ್ಯಾಂಕು, ಮೂರರಲ್ಲೂ ಹೆಸರು ಒಂದೇ ಇದೆಯೇ ಎಂದು ಹೋಲಿಸಿ ನೋಡಲು ನೆರವಾಗಬಹುದು. ಹಳೆಯ ಕನ್ನಡ ದಾಖಲೆಯನ್ನು ಓದಿ ಮರಾಠಿಗೆ ತರುವ ಕರಡು ಮಾಡಿ, ಅಧ್ಯಾಪಕರಿಂದ ತಿದ್ದಿಸಿ, ಅಧಿಕೃತ ಅನುವಾದಕ್ಕೆ ದಾರಿ ತೋರಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಜಾತಿ, ಆದಾಯ, ಖಾತೆಯ ವಿವರಗಳು ಅವರವರ ಗುಟ್ಟು. ನೆರವಾಗುವವರು ಪದದ ಅರ್ಥ ಹೇಳಲಿ. ಗುಪ್ತಪದವನ್ನೂ ಮೊಬೈಲಿಗೆ ಬರುವ ಒಟಿಪಿಯನ್ನೂ ವಿದ್ಯಾರ್ಥಿಯೇ ತನ್ನ ಕೈಯಿಂದ ತುಂಬಲಿ. ಸಹಾಯ ಪಡೆಯುವುದು ಕೈಚಾಚುವುದೆಂಬ ಸಂಕೋಚವೂ ಹೀಗೆಯೇ ಕಡಿಮೆಯಾದೀತು.

ಗಡಿಯಾಚೆಯ ಕನ್ನಡ ಉಳಿಯಬೇಕೆಂದು ರಾಜ್ಯೋತ್ಸವದ ವೇದಿಕೆಗಳಲ್ಲಿ ಹೇಳುವುದುಂಟು. ಕನ್ನಡದಲ್ಲಿ ಓದಿದ ಕಾರಣಕ್ಕೆ ಮಗಳು ಶಿಷ್ಯವೇತನ ಕಳೆದುಕೊಂಡ ಮನೆಯಲ್ಲಿ, ತಂಗಿಯನ್ನು ಕನ್ನಡ ಶಾಲೆಗೆ ಕಳಿಸಿರೆಂದು ಯಾವ ಮುಖದಿಂದ ಹೇಳುವುದು?