ಸ್ಪೇರ್ ಬರಲ್ಲ ಎಂದ ಜೀಪು

ಯಾವುದಾದರೂ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗವನ್ನು ಒಮ್ಮೆ ಸುತ್ತಿ ಬನ್ನಿ. ಕಂಬದ ಹಿಂದೆ, ಮೆಟ್ಟಿಲ ಕೆಳಗೆ ಧೂಳು ಹೊದ್ದ ಪುಟ್ಟ ಜೀಪೋ ಬೈಕೋ ಕಂಡೇ ಕಾಣುತ್ತದೆ. ಮಕ್ಕಳು ಕೂತು ಓಡಿಸುವ ಬ್ಯಾಟರಿ ಗಾಡಿಗಳವು. ಹುಟ್ಟುಹಬ್ಬಕ್ಕೆ ಬಂದು, ಕೆಲವು ತಿಂಗಳು ಓಡಿ, ಒಂದು ದಿನ ನಿಂತವು. ಎಷ್ಟೋ ಸಲ ಮೋಟರ್, ಚಕ್ರ ಎಲ್ಲ ಸರಿಯಾಗೇ ಇರುತ್ತವೆ. ಸತ್ತಿರುವುದು ಸೀಟಿನ ಕೆಳಗಿನ ಬ್ಯಾಟರಿ ಮಾತ್ರ.

ನಾನು ಎಲೆಕ್ಟ್ರಿಕಲ್ ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಕಳೆದ ರಜೆಯಲ್ಲಿ ಪಕ್ಕದ ಮನೆಯ ಹುಡುಗನ ಜೀಪು ನನ್ನ ಕೈಗೆ ಬಂತು. ಅಂಗಡಿಯವರು 'ಇದಕ್ಕೆ ಸ್ಪೇರ್ ಬರಲ್ಲ, ಹೊಸದೇ ತಗೊಳ್ಳಿ' ಎಂದಿದ್ದರಂತೆ. ಸ್ಕ್ರೂ ಬಿಚ್ಚಿದರೆ ಒಳಗೆ ಕೂತಿದ್ದು 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಲೆಡ್ ಆ್ಯಸಿಡ್ ಬ್ಯಾಟರಿ. ಕಂಪ್ಯೂಟರಿನ ಸಣ್ಣ ಯುಪಿಎಸ್‌ನಲ್ಲಿ ಇರುವುದೂ ಸಾಮಾನ್ಯವಾಗಿ ಇದೇ ಅಳತೆಯದು. 'ಬರಲ್ಲ' ಎಂದ ಸ್ಪೇರ್ ಮುಂದಿನ ಬೀದಿಯ ಯುಪಿಎಸ್ ರಿಪೇರಿ ಅಂಗಡಿಯಲ್ಲೇ ಇತ್ತು!

ಆದರೆ ಬದಲಿಸುವ ಮೊದಲು ಅದೇ ಕೆಟ್ಟಿದೆ ಎಂದು ಖಾತ್ರಿಯಾಗಬೇಕಲ್ಲ. ಚಾರ್ಜ್ ಮಾಡಿ ಮಲ್ಟಿಮೀಟರ್ ಹಿಡಿದೆ, 12.6 ವೋಲ್ಟ್ ತೋರಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ ಬ್ಯಾಟರಿ ಆರೋಗ್ಯವಾಗಿದೆ ಎನ್ನಬೇಕಿತ್ತು. ಹಳೇ ಬೈಕಿನ ಹೆಡ್‌ಲೈಟ್ ಬಲ್ಬನ್ನು ಲೋಡ್ ಆಗಿ ಜೋಡಿಸಿದೆ. ಒಂದೇ ನಿಮಿಷದಲ್ಲಿ 9ಕ್ಕಿಂತ ಕೆಳಗೆ ಕುಸಿಯಿತು. ಖಾಲಿಯಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ಮಳೆಗಾಲವಿಡೀ ಮುಟ್ಟದ ಜೀಪಿಗೆ ಆಗಿದ್ದೂ ಇದೇ. ಓಡಿ ಸವೆದದ್ದಲ್ಲ, ನಿಂತು ಸತ್ತದ್ದು.

ಮುಚ್ಚಳ ಕಿತ್ತು ಸಿರಿಂಜಿನಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ 'ಬದುಕಿಸುವ' ವಿಡಿಯೊಗಳು ಬೇಕಾದಷ್ಟಿವೆ. ಒಣಗಿದ ಬ್ಯಾಟರಿಗೆ ಕೆಲವೊಮ್ಮೆ ಸ್ವಲ್ಪ ಜೀವ ಬರುವುದೂ ನಿಜ. ಆದರೆ ಒಳಗಿರುವುದು ಗಂಧಕಾಮ್ಲ. ಮೂರು ವರ್ಷದ ಮಗು ಅದರ ಮೇಲೆ ಕೂರುತ್ತದೆ. ಸೀಲ್ ಒಡೆದದ್ದನ್ನು ಅಲ್ಲಿಡಲು ನನಗಂತೂ ಮನಸ್ಸಾಗಲಿಲ್ಲ. ಲೀಥಿಯಂ ಪ್ಯಾಕ್ ತುರುಕಿ ಹಳೇ ಚಾರ್ಜರನ್ನೇ ಹಚ್ಚುವುದು ಇನ್ನೂ ಅಪಾಯ. ಫ್ಯೂಸ್ ಹೋಯಿತೆಂದು ತಂತಿ ಸುತ್ತುವ ನಮ್ಮ ರಾಷ್ಟ್ರೀಯ ಚಟದ ಬಗ್ಗೆ ಹೇಳುವುದೇ ಬೇಡ. ಅದೇ ಅಳತೆಯ ಹೊಸ ಬ್ಯಾಟರಿ, ಪ್ಲಸ್-ಮೈನಸ್ ಅದಲುಬದಲಾಗದಂತೆ ವೈರು, ಅಷ್ಟೇ ರೇಟಿಂಗಿನ ಫ್ಯೂಸ್. ಅರ್ಧ ಗಂಟೆಯ ಕೆಲಸ.

ಆ ಅರ್ಧ ಗಂಟೆಯ ಕೆಲಸ ನಮ್ಮ ಲ್ಯಾಬಿನಲ್ಲಿ ಯಾಕಿಲ್ಲ? ಐದು ಸೆಮಿಸ್ಟರ್‌ಗಳಲ್ಲಿ ಕೆಟ್ಟ ವಸ್ತುವೊಂದೂ ನಮ್ಮ ಟೇಬಲ್ಲಿಗೆ ಬಂದಿಲ್ಲ. ಎಲ್ಲ ಸರಿಯಿರುವ ಸರ್ಕ್ಯೂಟುಗಳೇ, ಬರಬೇಕಾದ ರೀಡಿಂಗ್ ಸೀನಿಯರ್‌ಗಳ ರೆಕಾರ್ಡಿನಲ್ಲಿ ಮೊದಲೇ ಇರುತ್ತದೆ. ರೀಡಿಂಗ್ ತಪ್ಪಾಗಿ ಬಂದಾಗಲ್ಲವೇ ಕಲಿಕೆ ಶುರುವಾಗುವುದು? ಎಲೆಕ್ಟ್ರಿಕ್ ಸ್ಕೂಟರ್ ರಸ್ತೆ ತುಂಬಿರುವ ಈ ಕಾಲದಲ್ಲಿ ಲೋಡ್ ಹಾಕಿ ಬ್ಯಾಟರಿ ಪರೀಕ್ಷಿಸಬಲ್ಲವರಿಗೆ ಕೆಲಸವಿದೆ. ಸೆಮಿಸ್ಟರಿಗೆ ಎರಡು ಲ್ಯಾಬ್ ಅವಧಿ ಮನೆಯಿಂದ ತಂದ ಕೆಟ್ಟ ಸಾಮಾನಿಗೆ ಮೀಸಲಿಡಲು ಯಾವ ಖರ್ಚೂ ಇಲ್ಲ.

ತಯಾರಕರ ಪಾಲೂ ಇದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದಾಗ ಗುರುತಿಸಿದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು. ಆಟಿಕೆಯನ್ನೂ ಸೇರಿಸಲಿ. ಒಳಗಿನ ಬ್ಯಾಟರಿಯ ಅಳತೆಯನ್ನು ಡಬ್ಬದ ಹೊರಗೇ ಮುದ್ರಿಸಲಿ. 'ಓಡಿಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ' ಎಂಬ ಒಂದು ಸಾಲು ಕನ್ನಡದಲ್ಲಿದ್ದರೆ ಈ ಜೀಪು ನನ್ನ ಬಳಿ ಬರುತ್ತಲೇ ಇರಲಿಲ್ಲವೇನೋ.

ಇನ್ನು ಹಳೇ ಬ್ಯಾಟರಿ. ಎರಡು ಕೆ.ಜಿ. ಆಸುಪಾಸಿನ ಅದರಲ್ಲಿ ಹೆಚ್ಚಿನದು ಸೀಸ. ಮಕ್ಕಳ ಮಿದುಳಿಗೆ ವಿಷವದು, ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಸೇರಿಸುವ ಹೊಣೆ ಉತ್ಪಾದಕರದು. ಹೊಸದನ್ನು ಕೊಟ್ಟ ಅಂಗಡಿಯವರೇ ಹಳೆಯದನ್ನು ತಕ್ಕಡಿಗೆ ಹಾಕಿ, ಬಿಲ್ಲಿನಲ್ಲಿ ಅಷ್ಟು ಕಳೆದುಕೊಂಡರು.