ದೂರದ ಐದೂರು, ಹತ್ತಿರದ ಐದೂರು

ಈಚೆಗೆ ನಮ್ಮ ಸೀಮೆಯ ವಿದ್ಯಾವಂತ ಕುಟುಂಬಗಳಲ್ಲಿ ಪರದೇಶ ಪ್ರವಾಸದ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಆ ಮಾತಿನಲ್ಲಿ ಪದೇ ಪದೇ ಸುಳಿಯುವ ಹೆಸರುಗಳಲ್ಲಿ ಇಟಲಿ ದೇಶದ ಲಿಗುರಿಯಾ ತೀರದ ಐದು ಹಳ್ಳಿಗಳದೂ ಒಂದು. ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜೋರೆ ಎಂಬ ಈ ಐದನ್ನೂ ಕೂಡಿಸಿ ಆ ದೇಶದವರು ‘ಚಿಂಕ್ವೆ ತೆರ್ರೆ’ ಎನ್ನುತ್ತಾರೆ. ಐದು ನೆಲಗಳೆಂದು ಅದರ ಅರ್ಥ. ನಮ್ಮ ಆಡುಮಾತಿನಲ್ಲಿ ಐದೂರು ಎಂದರೆ ಸಾಕು. ಕಡಲಿಗೆ ಇಳಿದ ಕಡಿದಾದ ಬಂಡೆಗಳ ಮೇಲೆ ಬಣ್ಣಬಣ್ಣದ ಮನೆಗಳು, ಅವುಗಳ ಬೆನ್ನಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ದ್ರಾಕ್ಷಿಯ ತೋಟಗಳು. ಚಿತ್ರವನ್ನು ಕಂಡವರ ಮನಸ್ಸು ಅತ್ತ ಹರಿಯುವುದು ಸಹಜವೇ ಆಗಿದೆ.

ಪ್ರವಾಸವನ್ನು ಹಳಿಯುವುದು ಈ ಲೇಖನದ ಉದ್ದೇಶವೆಂದು ವಾಚಕರು ಭಾವಿಸಬಾರದು. ನಮ್ಮ ಚಿಗಟೇರಿಯಲ್ಲಿ ನೆಲಸಿರುವ ದೇವರು ನಾರದಮುನಿ. ಮೂರು ಲೋಕಗಳಲ್ಲಿಯೂ ತಡೆಯಿಲ್ಲದೆ ಸಂಚರಿಸುವ ಮುನಿಯ ಊರಿನವರಾದ ನಮಗೆ ಅನ್ಯರ ಸಂಚಾರವನ್ನು ಕಂಡು ಮುಖ ಸಿಂಡರಿಸುವುದು ಶೋಭಿಸದು. ಹೋಗಬಲ್ಲವರು ಅವಶ್ಯವಾಗಿ ಹೋಗಲಿ, ಕಣ್ತುಂಬ ನೋಡಿ ಬರಲಿ. ನಮ್ಮ ಆಕ್ಷೇಪಣೆ ಬೇರೆಯೇ ಇದೆ. ದೂರದ ಐದೂರಿಗೆ ಹೊರಡುವಾಗ ಈ ಮನೆಗಳವರು ತೋರುವ ಶ್ರದ್ಧೆಯ ಹತ್ತನೆಯ ಒಂದು ಪಾಲನ್ನೂ ಮನೆಯ ಬಾಗಿಲಲ್ಲಿಯೇ ಇರುವ ಐದೂರಿನ ವಿಷಯದಲ್ಲಿ ತೋರುವುದಿಲ್ಲವೆಂಬುದೇ ಆ ಆಕ್ಷೇಪಣೆ.

ಆ ಶ್ರದ್ಧೆ ಎಂತಹುದೆಂಬುದನ್ನು ಮೊದಲು ನೋಡೋಣ. ಇಟಲಿಗೆ ಹೋಗಬೇಕಾದರೆ ಷೆಂಗೆನ್ ರಹದಾರಿ ಬೇಕು. ಅದಕ್ಕೆ ಹೊರಡುವ ದಿನಕ್ಕೆ ಆರು ತಿಂಗಳ ಒಳಗೆ, ಹದಿನೈದು ದಿನಕ್ಕೆ ಕಡಿಮೆಯಿಲ್ಲದಂತೆ ಅರ್ಜಿ ಹಾಕಬೇಕು. ದೊಡ್ಡವರಿಗೆ ಅದರ ಶುಲ್ಕ 2024ರ ಜೂನ್ ತಿಂಗಳಲ್ಲಿ 80 ಯೂರೋಗಳಿಂದ 90ಕ್ಕೆ ಏರಿತು. 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಇರಬೇಕು; ಎಲ್ಲಿ ಇಳಿಯುವಿರಿ, ಯಾವ ದಿನ ಹಿಂದಿರುಗುವಿರಿ ಎಂಬುದಕ್ಕೆಲ್ಲ ಕಾಗದಪತ್ರಗಳಿರಬೇಕು. ಮನೆಯ ಯಜಮಾನನು ಇಷ್ಟನ್ನೂ ತಾಳ್ಮೆಯಿಂದ ಮಾಡುತ್ತಾನೆ. ಅನಂತರ ಋತುವಿನ ವಿಚಾರ: ಬೇಸಗೆಯ ನಡುವೆ ಜನಸಂದಣಿ, ಅಕ್ಟೋಬರಿನ ಕೊನೆಗೆ ಮಳೆಯ ಭಯ, ಆದಕಾರಣ ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್ ಲೇಸೆಂದು ಗೃಹಿಣಿಯು ಓದಿ ತಿಳಿದಿರುತ್ತಾಳೆ. ಮೋಟಾರಿಗಿಂತ ರೈಲೇ ಅನುಕೂಲವೆಂಬುದು ಗೊತ್ತು. ನಾಲ್ಕು ಊರುಗಳು ನೀರಿನ ಅಂಚಿಗೇ ಇದ್ದರೂ ಕೊರ್ನೀಲಿಯಾ ಮಾತ್ರ ಸುಮಾರು ನೂರು ಮೀಟರ್ ಎತ್ತರದ ಕೋಡಿನ ಮೇಲಿದೆಯೆಂದೂ, ನಿಲ್ದಾಣದಿಂದ ಅಲ್ಲಿಗೆ ಮುನ್ನೂರೆಪ್ಪತ್ತಕ್ಕೂ ಮಿಕ್ಕ ಮೆಟ್ಟಿಲುಗಳೆಂದೂ ತಿಳಿದು, ಮಂಡಿನೋವಿನ ಅಜ್ಜಿಯನ್ನು ಹೇಗೆ ಕರೆದೊಯ್ಯುವುದೆಂದು ಎರಡು ತಿಂಗಳ ಮುಂಚೆಯೇ ಚಿಂತಿಸಿರುತ್ತಾರೆ. ಕಾಲುದಾರಿಯಲ್ಲಿ ನಡೆಯಲು ಹಣ ತೆರಬೇಕೆಂದರೆ ಮರುಮಾತಿಲ್ಲದೆ ತೆರುತ್ತಾರೆ. ಹಣ್ಣಿನ ಸಿಪ್ಪೆಯನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ.

ಇದೇ ಮನೆಯವರು ಒಂದು ಭಾನುವಾರ ಬಾಗಳಿಗೆ ಹೋಗುವ ಬಗೆಯನ್ನು ಬಲ್ಲವರು ಬಲ್ಲರು. ಯಾರದೋ ಮದುವೆಗೆ ಹರಪನಹಳ್ಳಿಗೆ ಬಂದಿರುತ್ತಾರೆ. ಊಟವಾದ ಮೇಲೆ ಹೊತ್ತು ಹೋಗದು. ‘ಅಲ್ಲೆಲ್ಲೋ ಒಂದು ಹಳೆಯ ಗುಡಿಯಿದೆಯಂತೆ’ ಎಂದು ಕಾರು ತಿರುಗಿಸುತ್ತಾರೆ. ಉರಿಬಿಸಿಲಲ್ಲಿ ಇಳಿದು, ಬಾಗಿಲು ಬೀಗ ಹಾಕಿದ್ದರೆ ಕಾವಲುಗಾರನನ್ನು ಬೈದು, ತೆರೆದಿದ್ದರೆ ಕಂಬಕ್ಕೊರಗಿ ಚಿತ್ರ ತೆಗೆಸಿಕೊಂಡು, ಅರ್ಧ ತಾಸಿನಲ್ಲಿ ಹಿಂದಿರುಗುತ್ತಾರೆ. ನೀರಿನ ಸೀಸೆಯೂ ಊಟದ ಎಲೆಯೂ ಅಲ್ಲಿಯೇ ಉಳಿಯುತ್ತವೆ. ಮನೆಗೆ ಬಂದು, ‘ನೋಡುವುದಕ್ಕೆ ಅಂತಹುದೇನೂ ಇಲ್ಲ’ ಎಂದು ತೀರ್ಪು ಕೊಡುತ್ತಾರೆ. ನೋಡಲು ಸಿದ್ಧವಾಗದೆ ಹೋದ ಕಣ್ಣಿಗೆ ಏನು ತಾನೇ ಕಂಡೀತು?

ನೋಡತಕ್ಕದ್ದು ಏನಿದೆಯೆಂಬುದನ್ನು ಹೇಳುತ್ತೇವೆ. ಹರಪನಹಳ್ಳಿ, ಹಡಗಲಿ ತಾಲೂಕುಗಳಲ್ಲಿ ಬಾಗಳಿ, ನೀಲಗುಂದ, ಹಿರೇಹಡಗಲಿ, ಮಾಗಳ, ಕುರುವತ್ತಿ ಎಂದು ಐದು ಊರುಗಳಿವೆ. ಬಾಗಳಿಯ ಕಲ್ಲೇಶ್ವರ ದೇವಾಲಯ ರಾಷ್ಟ್ರಕೂಟರ ಕಾಲದಲ್ಲಿ ಮೊದಲಾಗಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದದ್ದು. ಆ ಚಾಲುಕ್ಯರ ಮೂಲಪುರುಷನಾದ ಎರಡನೆಯ ತೈಲಪನ ಕಾಲದ, 987ನೆಯ ಇಸವಿಯ ಶಾಸನ ಅಲ್ಲಿದೆ; ಸುಮಾರು ಐವತ್ತು ಕಂಬಗಳ ತೆರೆದ ಮಂಟಪವಿದೆ. ನೀಲಗುಂದದಲ್ಲಿ ಭೀಮೇಶ್ವರನ ಗುಡಿಯಿದೆ. ಹಿರೇಹಡಗಲಿಯ ದೇವಾಲಯವನ್ನು 1057ರ ಸುಮಾರಿನಲ್ಲಿ, ಒಂದನೆಯ ಸೋಮೇಶ್ವರನ ಮಂತ್ರಿಯಾದ ದೇಮರಸನು ಕಟ್ಟಿಸಿದನೆನ್ನುತ್ತಾರೆ. ಅದೇ ಊರಿನಲ್ಲಿ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ಭಾಷೆಯ ತಾಮ್ರಶಾಸನ ದೊರೆತು, ದಕ್ಷಿಣ ದೇಶದ ಚರಿತ್ರೆಯನ್ನು ಬರೆಯುವವರೆಲ್ಲರೂ ಆ ಹಳ್ಳಿಯ ಹೆಸರನ್ನು ಎತ್ತಲೇಬೇಕಾಗಿದೆ. ತುಂಗಭದ್ರೆಯ ದಡದ ಮಾಗಳದಲ್ಲಿ ಸೂರ್ಯನಾರಾಯಣನ ಗುಡಿ. ಇನ್ನು ಕುರುವತ್ತಿ: ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ಶಿಲ್ಪಶಾಸ್ತ್ರವನ್ನು ಬಲ್ಲವರು ಕೊಂಡಾಡುತ್ತಾರೆ. ಅದೇ ಕುರುವತ್ತಿಯ ಹೊಳೆಯಲ್ಲಿ, 1068ರಲ್ಲಿ, ರೋಗಪೀಡಿತನಾದ ಸೋಮೇಶ್ವರ ಚಕ್ರವರ್ತಿಯು ತಾನಾಗಿಯೇ ಇಳಿದು ಜಲಸಮಾಧಿಯನ್ನು ಹೊಂದಿದನು. ಆಹವಮಲ್ಲನೆಂದು ಬಿರುದಾಂತನಾದ, ಚೋಳರೊಡನೆ ಜನ್ಮವಿಡೀ ಕಾದಾಡಿದ ಅರಸನ ಕೊನೆಯ ಹೆಜ್ಜೆ ಬಿದ್ದ ದಡ ಇದು. ಕಾಶ್ಮೀರದಿಂದ ಬಂದ ಬಿಲ್ಹಣನು ಅದನ್ನು ಕಾವ್ಯವಾಗಿ ಬರೆದನು; ಇಲ್ಲಿಯೇ ಇರುವ ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ದಡವನ್ನು ತೋರಿಸಿದ್ದೇವೆ?

ಇನ್ನೊಂದು ಸಂಗತಿ. 1896ರಲ್ಲಿ, ಈ ಸೀಮೆ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಾಗಿದ್ದಾಗ, ಪುರಾತತ್ತ್ವ ಇಲಾಖೆಯ ಅಲೆಕ್ಸಾಂಡರ್ ರೀ ಎಂಬವರು ಜಿಲ್ಲೆಯ ಚಾಲುಕ್ಯ ದೇವಾಲಯಗಳ ಮೇಲೆ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಕಂಬ, ಬಾಗಿಲವಾಡ, ಭುವನೇಶ್ವರಿಗಳನ್ನೆಲ್ಲ ಅಳೆದು ಬರೆಯಿಸಿದರು. ಆ ಪರದೇಶಿಗೆ ಆಗ ಈ ಊರುಗಳವರೆಗೆ ರೈಲೂ ಇರಲಿಲ್ಲ, ಡಾಂಬರು ರಸ್ತೆಯೂ ಇರಲಿಲ್ಲ. ಅನಂತರ ಈ ತಾಲೂಕುಗಳು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದುವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಾಗಲೆಲ್ಲ ಸಭೆಗಳಲ್ಲಿ ಭಾಷಣಗಳಾದುವು, ಮನವಿಗಳಾದುವು. ಬಾಗಳಿಯ ಕಂಬಗಳನ್ನು ಒಂದು ಸಲವಾದರೂ ನಿಂತು ಎಣಿಸಿದ ಭಾಷಣಕಾರರು ಎಷ್ಟು ಮಂದಿ ಇದ್ದಾರು!

ಈಗ ಆಕ್ಷೇಪಗಳಿಗೆ ಬರೋಣ. ‘ಅಲ್ಲಿ ಪ್ರಕೃತಿಯ ಸೊಬಗಿದೆ, ಇಲ್ಲಿರುವುದು ಜಾಲಿಯ ಮುಳ್ಳು, ಎರೆಯ ಧೂಳು’ ಎಂಬುದು ಮೊದಲನೆಯದು. ಇದನ್ನು ಹೇಳುವವರು ಆ ಐದೂರನ್ನು ಸರಿಯಾಗಿ ನೋಡಿಬಂದವರಲ್ಲ. ಅಲ್ಲಿ ಪ್ರಕೃತಿ ಕೊಟ್ಟದ್ದು ಬರಿಯ ಬಂಡೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ, ನೂರಾರು ವರ್ಷ ತಲೆತಲಾಂತರವಾಗಿ ರೈತರು ಮಾಡಿದ ತೋಟವದು. 1997ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದೂ, 1999ರಲ್ಲಿ ಇಟಲಿಯ ಸರಕಾರ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದುದೂ ಬರಿಯ ಕಡಲಿಗಾಗಿ ಅಲ್ಲ, ಮನುಷ್ಯನ ಕೈಯ ಈ ದುಡಿಮೆಗಾಗಿಯೂ ಹೌದು. ಹಾಗಿದ್ದಮೇಲೆ ದುಡಿಮೆಯನ್ನು ಅಲ್ಲಿ ಹಣ ಕೊಟ್ಟು ನೋಡಿ, ಇಲ್ಲಿ ಅದಕ್ಕೆ ಧೂಳೆಂದು ಹೆಸರಿಡುವುದು ಯಾವ ನ್ಯಾಯ? ನಸುಕಿನಲ್ಲಿ ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುವುದನ್ನು ನೋಡಿರಿ. ಆ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿಗೆ ಹೂವಿನ ಹಡಗಲಿಯೆಂಬ ಹೆಸರು ವಿಜಯನಗರಕ್ಕೆ ಹೊಳೆಯ ಮೇಲೆ ಹೂ ಸಾಗುತ್ತಿದ್ದುದರಿಂದ ಬಂದಿತೆಂದು ಜನರ ಪ್ರತೀತಿ.

‘ಅಲ್ಲಿ ರೈಲಿದೆ, ವಸತಿಯಿದೆ, ಇಲ್ಲಿ ಹೆಂಗಸರಿಗೆ ಒಂದು ಶೌಚಾಲಯವೂ ಇಲ್ಲ’ ಎಂಬುದು ಎರಡನೆಯ ಆಕ್ಷೇಪ. ಇದರ ಕೊನೆಯ ಭಾಗ ನೂರಕ್ಕೆ ನೂರು ನ್ಯಾಯವಾದುದು. ನಾವು ಅದನ್ನು ಒಪ್ಪುತ್ತೇವೆ. ಆದರೆ ಕೇಳುವವರಿಲ್ಲದೆ ಯಾವ ಪಂಚಾಯಿತಿಯೂ ತಾನಾಗಿ ಕಟ್ಟಿಸದು. ವರ್ಷಕ್ಕೆ ನಾಲ್ಕು ಸಲ ಬಂದು ಹೋಗುವ ಕುಟುಂಬಗಳು ಹತ್ತಿಪ್ಪತ್ತು ಇದ್ದು, ಅವರು ವಿನಯದಿಂದಲೂ ದೃಢವಾಗಿಯೂ ಬರೆದು ಕೇಳಿದರೆ ಆ ಕೆಲಸವಾದೀತು. ಕಾರಿನಲ್ಲಿ ಕುಳಿತು ಮೂಗು ಮುಚ್ಚಿಕೊಂಡರೆ ಆಗದು. ರೈಲಿನ ಮಾತಿಗೂ ಉತ್ತರವಿದೆ. ಇಟಲಿಯ ಐದೂರಿಗೆ 1874ರಲ್ಲಿ ರೈಲು ಬರುವವರೆಗೆ ದೋಣಿಯೂ ಹೇಸರಗತ್ತೆಯ ಹಾದಿಯೂ ಹೊರತು ಬೇರೆ ಗತಿಯಿರಲಿಲ್ಲ. ನಮ್ಮಲ್ಲಿ ಹೊಸಪೇಟೆಯಿಂದ ಕೊಟ್ಟೂರು, ಹರಪನಹಳ್ಳಿಗಳ ಮೇಲೆ ಹರಿಹರಕ್ಕೆ ಪ್ರಯಾಣಿಕರ ರೈಲು 2019ರಲ್ಲಿ ಓಡಲಾರಂಭಿಸಿತು. ಎಷ್ಟೋ ದಶಕಗಳ ಕಾಲ ಈ ಸೀಮೆಯವರು ಹಂಬಲಿಸಿದ ರೈಲು ಅದು. ಅದನ್ನು ಹತ್ತಿ ನೋಡದವರಿಗೆ ಇಟಲಿಯ ರೈಲನ್ನು ಹೊಗಳುವ ಹಕ್ಕು ಅಷ್ಟಾಗಿ ಇಲ್ಲವೆಂದು ನಮ್ಮ ಅಭಿಪ್ರಾಯ.

ಮೂರನೆಯ ಪಕ್ಷದವರು ಇದಕ್ಕೆ ನೇರ ವಿರೋಧವಾದವರು. ಅವರಿಗೆ ಉತ್ಸಾಹ ಅತಿಯಾಯಿತು. ‘ಇವನ್ನೆಲ್ಲ ಪ್ರವಾಸಿಕೇಂದ್ರಗಳನ್ನಾಗಿ ಮಾಡಿರಿ, ವಿಲಾಸದ ವಸತಿಗೃಹಗಳನ್ನು ಕಟ್ಟಿರಿ, ಲಕ್ಷ ಜನ ಬರಲಿ’ ಎನ್ನುತ್ತಾರೆ. ಇವರೂ ಇಟಲಿಯಿಂದ ಪಾಠ ಕಲಿಯಬೇಕು. ಅಲ್ಲಿಯ ಐದು ಊರುಗಳ ಜನ ಎಲ್ಲ ಕೂಡಿ ನಾಲ್ಕು ಸಾವಿರವನ್ನು ಮುಟ್ಟುವುದಿಲ್ಲ. ಬರುವವರು ವರ್ಷಕ್ಕೆ ಹತ್ತಾರು ಲಕ್ಷ. ದ್ರಾಕ್ಷಿ ಬೆಳೆಯುವುದಕ್ಕಿಂತ ಕೋಣೆ ಬಾಡಿಗೆಗೆ ಕೊಡುವುದು ಲಾಭವಾದಮೇಲೆ ಗೋಡೆ ಕಟ್ಟುವವರು ಯಾರು? ಪಾಳುಬಿದ್ದ ಗೋಡೆ ಮಳೆಗೆ ನಿಲ್ಲದು. 2011ರ ಅಕ್ಟೋಬರ್ 25ರಂದು ಸುರಿದ ಭಾರೀ ಮಳೆಗೆ ಬೆಟ್ಟದ ಮಣ್ಣು ಇಳಿದು ವೆರ್ನಾತ್ಸಾ, ಮೊಂತೆರೊಸ್ಸೊಗಳ ಬೀದಿಗಳನ್ನು ಹೂತುಹಾಕಿತು, ಜೀವಹಾನಿಯೂ ಆಯಿತು. ಮರುವರ್ಷ ‘ಪ್ರಣಯಪಥ’ವೆಂದು ಹೆಸರಾದ ಕಾಲುದಾರಿಯಲ್ಲಿ ಬಂಡೆ ಉರುಳಿ ಪ್ರವಾಸಿಗರು ಗಾಯಗೊಂಡರು. ಒಂದು ಕಿಲೋಮೀಟರಿನಷ್ಟೂ ಇಲ್ಲದ ಆ ದಾರಿ ಮತ್ತೆ ತೆರೆಯಲು 2024ನೆಯ ಇಸವಿ ಬರಬೇಕಾಯಿತು. ತೆರೆದಾಗಲೂ ಇಂತಿಷ್ಟೇ ಜನ, ಇಂತಹುದೇ ಹೊತ್ತಿಗೆ ಎಂಬ ನಿಯಮದೊಡನೆ ತೆರೆಯಿತು. ಕುರುವತ್ತಿಯ ದಡದಲ್ಲಿ ಈ ಚರಿತ್ರೆ ಮತ್ತೊಮ್ಮೆ ನಡೆಯುವುದು ನಮಗೆ ಬೇಡ. ಯಾರೂ ಬಾರದೆ ಪಾಳುಬಿದ್ದ ಗುಡಿಯನ್ನು ನಿಧಿಯ ಆಸೆಯವರು ಅಗೆಯುತ್ತಾರೆ; ಎಲ್ಲರೂ ಬಂದು ಮುತ್ತಿದ ಗುಡಿಯನ್ನು ಅಂಗಡಿಗಳು ನುಂಗುತ್ತವೆ. ಈ ಎರಡರ ನಡುವೆ ಮಿತವಾಗಿ, ತಿಳಿದು, ಮತ್ತೆ ಮತ್ತೆ ಬರುವ ನೆರೆಯವರೇ ಅದಕ್ಕೆ ತಕ್ಕ ಕಾವಲು.

ಆದುದರಿಂದ ವಾಚಕರಲ್ಲಿ ನಮ್ಮ ಅರಿಕೆ ಇಷ್ಟು. ಈ ವರ್ಷ ನವೆಂಬರಿನಿಂದ ಫೆಬ್ರವರಿಯ ಒಳಗೆ, ಬಿಸಿಲು ಬಲಿಯುವ ಮುನ್ನ, ಎರಡು ದಿನಗಳನ್ನು ಈ ಐದೂರಿಗೆಂದೇ ಎತ್ತಿಡಿರಿ. ಮೊದಲ ದಿನ ಹರಪನಹಳ್ಳಿಯಲ್ಲಿ ತಂಗಿ ಬಾಗಳಿಯನ್ನೂ ನೀಲಗುಂದವನ್ನೂ ನೋಡಿರಿ. ಎರಡನೆಯ ದಿನ ಹಿರೇಹಡಗಲಿ, ಮಾಗಳಗಳನ್ನು ಮುಗಿಸಿ ಇಳಿಹೊತ್ತಿಗೆ ಕುರುವತ್ತಿಯ ಹೊಳೆದಂಡೆಯನ್ನು ಸೇರಿರಿ. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯೂ ಕಾರಣೀಕವೂ ನಡೆಯುವ ದಿನಗಳಾದರೆ ದಾರಿಗಳು ತುಂಬಿರುತ್ತವೆಂಬುದನ್ನು ಪಂಚಾಂಗ ನೋಡಿ ತಿಳಿದುಕೊಂಡಿರಿ. ಹೊರಡುವ ಹಿಂದಿನ ವಾರ ಮಕ್ಕಳನ್ನು ಕೂರಿಸಿಕೊಂಡು ಚಾಲುಕ್ಯರ ಚರಿತ್ರೆಯನ್ನು ಒಂದಿಷ್ಟು ಓದಿರಿ. ಒಂದು ಗುಡಿಗೆ ಎರಡು ತಾಸು ಕೊಡಿರಿ. ಊರ ಹೊರಗೆ ಗಾಡಿ ನಿಲ್ಲಿಸಿ ಒಳಗೆ ನಡೆದು ಹೋಗಿರಿ. ಎದುರಾದ ಹಿರಿಯರಿಗೆ ನಮಸ್ಕರಿಸಿ ಮಾತನಾಡಿಸಿರಿ. ಬುತ್ತಿ ಕಟ್ಟಿಕೊಂಡು ಹೋಗದೆ ಊರಿನಲ್ಲಿಯೇ ರೊಟ್ಟಿಯನ್ನು ಹೇಳಿ ಮಾಡಿಸಿ, ನ್ಯಾಯವಾದ ಹಣ ಕೊಡಿರಿ. ಕಾಲುದಾರಿಗೆ ಯೂರೋ ತೆರುವ ಕೈಗೆ ಇದು ಭಾರವಾಗದು. ಕಸವನ್ನು ಹಿಂದಕ್ಕೆ ತನ್ನಿರಿ.

ನಮ್ಮ ಜಿಲ್ಲೆಯ ಸಾಹಿತ್ಯಾಸಕ್ತರ ಸಂಘಗಳು ಚಳಿಗಾಲಕ್ಕೊಮ್ಮೆ ಇಂತಹ ಯಾತ್ರೆಯೊಂದನ್ನು ಇಪ್ಪತ್ತು ಮಂದಿಗೆ ಮೀರದಂತೆ ಏರ್ಪಡಿಸಿ, ಆಯಾ ಊರಿನ ಶಾಲೆಯ ಇಬ್ಬರು ಮಕ್ಕಳಿಗಾದರೂ ದೇವಾಲಯವನ್ನು ವಿವರಿಸುವುದನ್ನು ಕಲಿಸಿದರೆ ಅದಕ್ಕಿಂತ ಹೆಚ್ಚಿನ ಸಾಹಿತ್ಯಸೇವೆ ಬೇರೆ ಬೇಕಿಲ್ಲ. ವಿ. ಸೀತಾರಾಮಯ್ಯನವರು ಹಂಪೆಗೆ ಹೋಗಿಬಂದು ‘ಪಂಪಾಯಾತ್ರೆ’ಯನ್ನು ಬರೆದು ಕನ್ನಡದ ಪ್ರವಾಸಸಾಹಿತ್ಯಕ್ಕೆ ಹಾದಿ ತೋರಿದ್ದಾರೆ, ‘ಬಾಗಳಿಯ ಯಾತ್ರೆ’ಯೊಂದನ್ನು ಬರೆಯತಕ್ಕ ಕೈ ನಮ್ಮ ವಾಚಕರಲ್ಲಿ ಇಲ್ಲದೆ ಇರದು. ಆಮೇಲೆ ಇಟಲಿಗೂ ಹೋಗಿರಿ. ಅಲ್ಲಿಯ ಮುದುಕನೊಬ್ಬನು ‘ನಿಮ್ಮ ಊರ ಕಡೆ ನೋಡುವುದು ಏನಿದೆ?’ ಎಂದು ಕೇಳಿದಾಗ ಹೇಳುವುದಕ್ಕೆ ನಿಮ್ಮಲ್ಲಿ ಮಾತಿರುತ್ತದೆ.